ಒಳ್ಳೆಯ ಕೆಲಸದ ಫೋಟೊ ಹಾಕುವ ಮುನ್ನ

ನಮ್ಮ ತಾಲ್ಲೂಕಿನ ಸಂಘವೊಂದರ ಫೇಸ್‌ಬುಕ್ ಪುಟವನ್ನು ನಾವು ಕೆಲವರು ನೋಡಿಕೊಳ್ಳುತ್ತೇವೆ. ಒಮ್ಮೆ ಸಂಘದವರು ಒಂದು ಬಾಲ್ಯವಿವಾಹ ತಡೆದರು. ಖುಷಿಯಲ್ಲಿ ಫೋಟೊ ಹಾಕಿಬಿಟ್ಟೆವು. ಹುಡುಗಿಯ ಮುಖವನ್ನೇನೋ ಮಸುಕು ಮಾಡಿದ್ದೆವು. ಆದರೆ ಪಕ್ಕದಲ್ಲೇ ಅಪ್ಪ ನಿಂತಿದ್ದರು, ಊರಿನ ಹೆಸರು ಬರೆದಿದ್ದೆವು, ಶಾಲೆಯ ಸಮವಸ್ತ್ರವೂ ಕಾಣುತ್ತಿತ್ತು. ಸಂಜೆಯೊಳಗೆ ಅದು ವಾಟ್ಸ್‌ಆ್ಯಪ್ ಗುಂಪುಗಳಲ್ಲೆಲ್ಲ ಓಡಾಡಿತು. ಹುಡುಗಿ ಎಷ್ಟೋ ದಿನ ಶಾಲೆಗೆ ಹೋಗಲಿಲ್ಲ. ಪೋಸ್ಟ್ ಅಳಿಸಿದೆವು. ಬೇರೆಯವರ ಫೋನಿನಲ್ಲಿ ಉಳಿದದ್ದನ್ನು ಅಳಿಸುವುದು ಹೇಗೆ?

ಕಾನೂನು ಓದಿದ್ದು ಆಮೇಲೆ. 2015ರ ಬಾಲ ನ್ಯಾಯ ಕಾಯ್ದೆಯ ಸೆಕ್ಷನ್ 74ರ ಪ್ರಕಾರ, ರಕ್ಷಣೆ ಬೇಕಾದ ಮಕ್ಕಳ ಹೆಸರು, ವಿಳಾಸ, ಶಾಲೆ, ಗುರುತು ಸಿಗುವ ಯಾವ ವಿವರವನ್ನೂ ಬಹಿರಂಗ ಮಾಡುವಂತಿಲ್ಲ. ಬಾಲ್ಯವಿವಾಹದ ಅಪಾಯದಲ್ಲಿರುವ ಮಕ್ಕಳೂ ಇದರಲ್ಲಿ ಸೇರುತ್ತಾರೆ. ಮೀರಿದರೆ 6 ತಿಂಗಳವರೆಗೆ ಜೈಲು, ಇಲ್ಲವೇ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಕ್ಕಳ ಗುರುತು ಹೊರಹಾಕುವುದು ಪೋಕ್ಸೊ ಕಾಯ್ದೆಯಲ್ಲೂ ಅಪರಾಧ. 2018ರಲ್ಲಿ ಕಠುವಾದ ಬಾಲಕಿಯ ಗುರುತು ಪ್ರಕಟಿಸಿದ ದೊಡ್ಡ ದೊಡ್ಡ ಮಾಧ್ಯಮ ಸಂಸ್ಥೆಗಳಿಗೇ ದೆಹಲಿ ಹೈಕೋರ್ಟ್ ತಲಾ 10 ಲಕ್ಷ ರೂಪಾಯಿ ಕಟ್ಟಿಸಿತು. ‘ನಮ್ಮದು ಸೇವೆ, ಸಣ್ಣ ಸಂಘ’ ಎಂದರೆ ಕಾನೂನು ಬಿಡುವುದಿಲ್ಲ.

ಹಣದ ವಿಷಯವೂ ಹಾಗೇ. ಖಜಾಂಚಿಯ ಸ್ವಂತ ಖಾತೆಯ ಕ್ಯೂಆರ್ ಕೋಡ್ ಹಾಕಿ ದೇಣಿಗೆ ಕೇಳುವುದು ಜಗಳಕ್ಕೆ ದಾರಿ. ಊರಿನ ಹುಡುಗ ಅಮೆರಿಕದ ಪೌರನಾಗಿದ್ದರೆ, ಅವನು ಕಳಿಸುವ ದೇಣಿಗೆ ವಿದೇಶಿ ದೇಣಿಗೆ. ಅದನ್ನು ಪಡೆಯಲು ಸಂಘಕ್ಕೆ ಎಫ್‌ಸಿಆರ್‌ಎ ಅನುಮತಿ ಬೇಕು.

ಹಾಗಂತ ಹೆದರಿ ಬಾಯಿ ಮುಚ್ಚಿಕೊಳ್ಳಿ ಎನ್ನುತ್ತಿಲ್ಲ. ಐಟಿ ಕಾಯ್ದೆಯ 66ಎ ಸೆಕ್ಷನ್ನನ್ನು ಸುಪ್ರೀಂ ಕೋರ್ಟ್ 2015ರಲ್ಲೇ ರದ್ದು ಮಾಡಿದೆ. ಪಂಚಾಯ್ತಿಯ ಲೆಕ್ಕ ಕೇಳುವ ಪೋಸ್ಟ್ ಹಾಕಿ, ದಾಖಲೆ ಕೈಯಲ್ಲಿಟ್ಟುಕೊಂಡು ಹಾಕಿ. ದಾಖಲೆ ಇಲ್ಲದೆ ‘ಕಳ್ಳ’ ಎಂದರೆ ಮಾನಹಾನಿ ಕೇಸು ಬರಬಹುದು.

‘ಫೋಟೊ ಇಲ್ಲದಿದ್ದರೆ ದಾನಿಗಳು ಕೊಡಲ್ಲ’ ಎನ್ನುವವರಿದ್ದಾರೆ. ನಿಜ ಇರಬಹುದು. ಕಟ್ಟಿಸಿದ ಶೌಚಾಲಯ, ಹಂಚಿದ ಪುಸ್ತಕ, ಸಭೆಯ ಲೆಕ್ಕಪತ್ರ ತೋರಿಸಿ. ಸಂಕಟದಲ್ಲಿರುವ ಮಗುವನ್ನು ತೋರಿಸಲೇಬೇಕಿಲ್ಲ.

ಪ್ರತಿ ಸಂಘವೂ ಮುಂದಿನ ಸಭೆಯಲ್ಲೇ ಈ ನಾಲ್ಕು ಮಾತನ್ನು ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳಲಿ:

1. ಇಬ್ಬರು ನೋಡಿದ ಮೇಲೆಯೇ ಪೋಸ್ಟ್.
2. ಫೋಟೊಗೆ ಬರಹದಲ್ಲಿ ಒಪ್ಪಿಗೆ. ಸಂಕಟದಲ್ಲಿರುವ ಮಕ್ಕಳದ್ದು ಬೇಡವೇ ಬೇಡ.
3. ದೇಣಿಗೆ ಸಂಘದ ಖಾತೆಗೆ ಮಾತ್ರ.
4. ಪುಟ ನೋಡಿಕೊಳ್ಳುವವರು ಬಿಟ್ಟುಹೋದರೆ ಅಂದೇ ಪಾಸ್‌ವರ್ಡ್ ಬದಲು.

ಲೈಕು ಮೂರು ದಿನದ್ದು. ಆ ಹುಡುಗಿ ಅದೇ ಊರಲ್ಲಿ ತಲೆ ಎತ್ತಿ ನಡೆಯಬೇಕು. ನಮಗೆ ಇದು ತಡವಾಗಿ ತಿಳಿಯಿತು. ನಿಮಗೆ ತಡವಾಗದಿರಲಿ.