ಕಣ್ಣಿಗೆ ಕಾಣದ ಕಡೆ ಬಳಿಯೋ ಬಣ್ಣ

ಹಳೇ ಜೀಪಿನ ಹುಚ್ಚು ಇರೋರಿಗೆ ಒಂದು ಮಾತು ನೇರವಾಗಿ ಹೇಳಬೇಕು ಅಂತ ತುಂಬಾ ದಿನದಿಂದ ಅನ್ನಿಸ್ತಿತ್ತು. ಬಾನೆಟ್ ಮೇಲೆ ಮುಖ ಕಾಣೋ ಹಾಗೆ ಪಾಲಿಶ್ ಮಾಡಿಸೋಕೆ ಸಾವಿರಾರು ರೂಪಾಯಿ ಸುರೀತಾರೆ. ಅದೇ ಜೀಪಿನ ಚಾಸಿಗೆ? ತುಕ್ಕಿನ ಮೇಲೇ ಒಂದು ಕೈ ಕಪ್ಪು ಬಣ್ಣ, ಮುಗೀತು! ಕೇಳಿದ್ರೆ "ಅಡಿ ಯಾರು ಬಗ್ಗಿ ನೋಡ್ತಾರೆ ಬಿಡಿ ಸಾರ್" ಅನ್ನೋ ಉತ್ತರ ರೆಡಿ ಇರುತ್ತೆ. ನನ್ನ ಪ್ರಕಾರ ಲೆಕ್ಕ ಉಲ್ಟಾ ಆಗಬೇಕು. ಚಾಸಿಯೇ ಜೀಪು, ಉಳಿದದ್ದೆಲ್ಲ ಅದಕ್ಕೆ ತೊಡಿಸಿದ ಅಂಗಿ.

ಯಾಕೆ ಅಂತೀರಾ? ಬಾಡಿ ತೂತು ಬಿದ್ರೆ ಟಿಂಕರಿಂಗ್ ಮಾಡಿಸಬಹುದು, ಹೊಸ ಬಾಡಿಯನ್ನೇ ಕೂರಿಸಬಹುದು. ಇಂಜಿನ್ ಬೋರಿಂಗ್ ಮಾಡಿಸಬಹುದು. ಆದ್ರೆ ಆರ್.ಸಿ. ಪುಸ್ತಕದಲ್ಲಿರೋ ನಂಬರು ಕೂತಿರೋದು ಚಾಸಿ ಮೇಲೆ. ಅದು ಹೋದ್ರೆ ಜೀಪಿನ ಗುರುತೇ ಹೋಯ್ತು. ಕೇಂದ್ರ ಸರ್ಕಾರ 2021ರಲ್ಲಿ ತಂದ ವಿಂಟೇಜ್ ವಾಹನಗಳ ನಿಯಮದಲ್ಲೂ 50 ವರ್ಷ ದಾಟಿದ, ಮೂಲ ಸ್ಥಿತಿಯಲ್ಲೇ ಇರೋ ಗಾಡಿಗೆ ಮಾತ್ರ ಆ ಮಾನ್ಯತೆ. ಚಾಸಿ, ಬಾಡಿ, ಇಂಜಿನ್‌ನಲ್ಲಿ ದೊಡ್ಡ ಬದಲಾವಣೆ ಮಾಡಿರಬಾರದು. ನಮ್ಮ ಮನೆ ಜೀಪು 1972ರದ್ದು. ಅಡಿಕೆ ಮೂಟೆ, ಗೊಬ್ಬರ, ಹೆರಿಗೆಗೆ ಹೊರಟ ಹೆಂಗಸರು, ಎಲ್ಲ ಹೊತ್ತ ಗಾಡಿ. ಅದರ ಚಾಸಿ ಕೆಲಸ ಮನೆ ಅಂಗಳದಲ್ಲೇ, ಕೈಯಲ್ಲೇ ಆಗಬೇಕು ಅಂತ ಹಟ ಹಿಡಿದು ಮಾಡಿದೆ. ಆ ಅನುಭವದ ಮೇಲೆ ಹೇಳ್ತಿದ್ದೀನಿ, ನೀವೂ ಮನೇಲೇ ಮಾಡಿ.

ಬಣ್ಣ ಬಳಿಯೋದು ಎರಡು ದಿನದ ಕೆಲಸ, ಅದಕ್ಕೆ ಮುಂಚಿನದ್ದೇ ಎರಡು ತಿಂಗಳದ್ದು. ಮೊದಲು ಗ್ರೀಸು, ಮಣ್ಣು ಹೋಗಬೇಕು, ಆಮೇಲೆ ತುಕ್ಕು. ಈ ಕ್ರಮ ತಪ್ಪಿದ್ರೆ ವೈರ್ ಬ್ರಷ್ಷು ಗ್ರೀಸನ್ನೇ ಕಬ್ಬಿಣದ ಗೀರುಗಳ ಒಳಗೆ ತುಂಬುತ್ತೆ. ಸೀಮೆಎಣ್ಣೆಯಲ್ಲಿ ತೊಳೆದು ಅಲ್ಲಿಗೇ ನಿಲ್ಲಿಸಬೇಡಿ. ಅದೂ ಎಣ್ಣೆಯೇ ತಾನೆ? ಸೋಪಿನ ನೀರು, ಕೊನೆಗೆ ಥಿನ್ನರ್ ಒರೆಸು. ಆಮೇಲೆ ಸುತ್ತಿಗೆಯಲ್ಲಿ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಠಣ್ ಅನ್ನುತ್ತೆ, ಲಡ್ಡಾಗಿರೋದು ಬೊದ್ ಅನ್ನುತ್ತೆ. ಪ್ಲೇಟಿನ ಬ್ರಾಕೆಟ್ಟುಗಳ ಹತ್ತಿರ ಸೀಳಿದ್ಯಾ ನೋಡಿ. ಇದ್ರೆ ಒಳ್ಳೇ ವೆಲ್ಡರ್ ಕರೆಸಿ, ಪುಟ್ಟಿ ಮೆತ್ತಬೇಡಿ. ನಂಬರ್ ಇರೋ ಜಾಗಕ್ಕೆ ಗ್ರೈಂಡರ್ ಮುಟ್ಟಿಸಲೇಬೇಡಿ!

ಕುಳಿಗಳಲ್ಲಿ ಉಳಿದ ತುಕ್ಕಿಗೆ ಅಂಗಡಿಯಲ್ಲಿ ಕನ್ವರ್ಟರ್ ಸಿಗುತ್ತೆ. ಅದರಲ್ಲಿ ಒಂದು ಜಾತಿ ಟ್ಯಾನಿನ್‌ನದು, ತುಕ್ಕನ್ನ ಕಪ್ಪು ಮಾಡುತ್ತೆ. ಅಡಿಕೆ ಸುಲಿಯೋ ಮನೆಯವರಿಗೆ ಇದು ಹೊಸದೇನಲ್ಲ :) ಮೆಟ್ಟುಗತ್ತಿ ಕಪ್ಪಾಗೋದು, ಚೊಗರು ಬಿದ್ದ ಕಬ್ಬಿಣ ಕಪ್ಪಾಗೋದು ಇದೇ ರಸಾಯನ. ಇನ್ನೊಂದು ಜಾತಿ ಫಾಸ್ಫಾರಿಕ್ ಆಮ್ಲದ್ದು. ಡಬ್ಬಿ ಮೇಲೆ ಹೇಳಿದ ಹಾಗೆ ಅದನ್ನ ತೊಳೆದು ಒಣಗಿಸದೆ ಎಪಾಕ್ಸಿ ಪ್ರೈಮರ್ ಕೊಟ್ರೆ ಹಿಡಿಯಲ್ಲ.

ಈಗ ನನ್ನ ಮುಖ್ಯ ತಕರಾರಿಗೆ ಬರ್ತೀನಿ. ಸಮಯ ಉಳಿಸೋಕೆ ಅಂತ ಮರಳಿನ ಬ್ಲಾಸ್ಟಿಂಗ್ ಮಾಡಿಸ್ತಾರೆ. ಹೊಳೆ ಮರಳಿನ ಆ ಸಣ್ಣ ಧೂಳು ಸಿಲಿಕಾ. ಶ್ವಾಸಕೋಶಕ್ಕೆ ಹೋದ್ರೆ ಸಿಲಿಕೋಸಿಸ್, ಅದನ್ನ ವಾಸಿ ಮಾಡೋ ಔಷಧಿ ಇಲ್ಲ. ನಮ್ಮ 1948ರ ಕಾರ್ಖಾನೆ ಕಾಯ್ದೆಯಲ್ಲೇ ಇದು ವರದಿ ಮಾಡಬೇಕಾದ ರೋಗಗಳ ಪಟ್ಟಿಯಲ್ಲಿತ್ತು. ಬ್ರಿಟನ್ನಿನಲ್ಲಿ 1949ರ ನಿಯಮದಿಂದಲೇ ಈ ಕೆಲಸಕ್ಕೆ ಮರಳು ಬಳಸೋದು ನಿಂತಿದೆ. ನಮ್ಮಲ್ಲಿ ಮುಖಕ್ಕೆ ಟವೆಲ್ ಸುತ್ತಿಕೊಂಡ ಹುಡುಗನ ಕೈಗೆ ಪೈಪು ಕೊಡ್ತೀವಿ. ನಮ್ಮ ಷೋಕಿಗೆ ಅವನು ಯಾಕ್ರೀ ಉಸಿರು ತೆರಬೇಕು?

ಸ್ಪ್ರೇ ಕಥೆಯೂ ಅಷ್ಟೇ. ಎರಡು ಡಬ್ಬಿ ಬೆರೆಸೋ ಪಿಯು ಬಣ್ಣದ ಹಾರ್ಡ್ನರ್‌ನಲ್ಲಿ ಐಸೋಸೈನೇಟ್ ಇರುತ್ತೆ. ಅದರ ಮಂಜು ಉಸಿರಾಡಿದವರಿಗೆ ಜೀವಮಾನದ ಅಸ್ತಮಾ ಬರಬಹುದು, ಬಟ್ಟೆ ಮಾಸ್ಕು ಅದನ್ನ ತಡೆಯಲ್ಲ. ಮನೆ ಅಂಗಳದಲ್ಲಿ ಮಕ್ಕಳು ಓಡಾಡೋ ಕಡೆ ಅದು ಬೇಡವೇ ಬೇಡ. ಚಾಸಿಗೆ ಅದರ ಅಗತ್ಯವೂ ಇಲ್ಲ. ಎಪಾಕ್ಸಿಗೆ ಬಿಸಿಲು ಆಗಿಬರಲ್ಲ, ಮಂಕಾಗಿ ಪುಡಿ ಉದುರುತ್ತೆ ಅಂತಾರೆ, ನಿಜ. ಆದ್ರೆ ಜೀಪಿನ ಅಡಿಗೆ ಬಿಸಿಲೆಲ್ಲಿ ಬೀಳುತ್ತೆ? ಜಿಂಕ್ ಫಾಸ್ಫೇಟ್ ಇರೋ ಎಪಾಕ್ಸಿ ಪ್ರೈಮರ್, ಅದರ ಮೇಲೆ ಕಪ್ಪು ಎಪಾಕ್ಸಿ, ಎರಡೂ ಬ್ರಷ್ಷಿನಲ್ಲೇ. ಕೈಗೆ ಗ್ಲೌಸು ಮಾತ್ರ ಮರೀಬೇಡಿ, ಎಪಾಕ್ಸಿ ಹಾರ್ಡ್ನರ್ ಚರ್ಮಕ್ಕೆ ಅಲರ್ಜಿ ತರುತ್ತೆ. ಅಂಚು, ವೆಲ್ಡಿಂಗ್, ರಿವೆಟ್ಟುಗಳಿಗೆ ಮೊದಲೇ ಒಂದು ಕೈ ಜಾಸ್ತಿ ಕೊಡಿ. ಚೂಪಾದ ಅಂಚಿಂದ ಬಣ್ಣ ಸರಿದು ತೆಳುವಾಗುತ್ತೆ, ತುಕ್ಕು ಶುರುವಾಗೋದೂ ಅಲ್ಲೇ. ನೀರು ಇಳಿಯೋ ತೂತು ಮುಚ್ಚಬೇಡಿ. ಬ್ಯಾಟರಿಯ ಅರ್ಥ್ ವೈರ್ ಕೂರೋ ಜಾಗ ಬಣ್ಣವಿಲ್ಲದೆ ಬಿಡಿ, ಇಲ್ಲಾಂದ್ರೆ ಆಮೇಲೆ ಸೆಲ್ಫ್ ಹೊಡೆಯಲ್ಲ.

ಹವಾಮಾನ ನೋಡದೆ ಹಚ್ಚಿದ್ರೆ ಎಲ್ಲ ನೀರಲ್ಲಿ ಹೋಮ. ಗಾಳಿಯ ತೇವ 85%ಗಿಂತ ಕಮ್ಮಿ ಇರಬೇಕು, ಕಬ್ಬಿಣದ ಬಿಸಿ ಇಬ್ಬನಿ ಕಟ್ಟೋ ಮಟ್ಟಕ್ಕಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು. ಅಂದ್ರೆ ನಮ್ಮೂರ ಮಳೆಗಾಲದಲ್ಲಿ ಈ ಕೆಲಸ ಮುಟ್ಟಬೇಡಿ. ಜನವರಿ, ಫೆಬ್ರವರಿ, ಅದೂ ಇಬ್ಬನಿ ಆರಿದ ಮೇಲೆ ಹತ್ತು ಗಂಟೆಯಿಂದ ಸರಿ. ಉಜ್ಜಿದ ಕಬ್ಬಿಣವನ್ನ ರಾತ್ರಿ ಹಾಗೇ ಬಿಟ್ರೆ ಬೆಳಿಗ್ಗೆ ಕೇಸರಿ ಬಣ್ಣ ತಾನಾಗೇ ಬಂದಿರುತ್ತೆ! ಅದಕ್ಕೇ ಒಂದು ದಿನಕ್ಕೆ ಎಷ್ಟು ಪ್ರೈಮರ್ ಹಚ್ಚೋಕಾಗುತ್ತೋ ಅಷ್ಟನ್ನೇ ಕೊನೆಯ ಸಲ ಉಜ್ಜಿ.

ಇನ್ನು ಮಳೆಗಾಲಕ್ಕೆ ಮುಂಚೆ ಅಡಿಗೆ ಹಳೇ ಇಂಜಿನ್ ಆಯಿಲ್ ಹೊಡೆಸೋ ಪದ್ಧತಿ. ತುಕ್ಕು ಸ್ವಲ್ಪ ತಡೆಯುತ್ತೆ, ಇಲ್ಲ ಅನ್ನಲ್ಲ. ಆದ್ರೆ ರಬ್ಬರ್ ಬುಷ್ ಹಾಳು, ಮುಂದೆ ಬಣ್ಣ ಹಿಡಿಯೋದು ಕಷ್ಟ, ಕ್ಯಾನ್ಸರ್ ತರೋ ವಸ್ತುಗಳು ತೊಟ್ಟಿಕ್ಕಿ ಸೇರೋದು ನಮ್ಮದೇ ಬಾವಿಗೆ. ಮುಚ್ಚಿದ ಭಾಗಗಳ ಒಳಗೆ ಹೊಡೆಯೋಕೆ ವ್ಯಾಕ್ಸ್ ಸಿಗುತ್ತೆ, ಅದನ್ನ ಬಳಸಿ.

ಕೊನೇದಾಗಿ, ಹಳೇ ಜೀಪು ಕೊಳ್ಳೋಕೆ ಹೊರಟಿರೋ ಮಿತ್ರರಿಗೆ. ಅಡಿಯಲ್ಲಿ ಮಿರಮಿರ ಹೊಸ ಕಪ್ಪು ಬಣ್ಣ ಕಂಡ್ರೆ ಖುಷಿಪಡಬೇಡಿ, ಸುತ್ತಿಗೆ ತಗೊಳ್ಳಿ. ಬಣ್ಣಕ್ಕೆ ಮುಂಚೆ ಏನು ಮಾಡಿದ್ರು ಅಂತ ಫೋಟೋ ಕೇಳಿ, ಪ್ರಾಮಾಣಿಕವಾಗಿ ಮಾಡಿದೋರು ಹೆಮ್ಮೆಯಿಂದ ತೋರಿಸ್ತಾರೆ. ನಿಮ್ಮೂರ ಕಡೆ ಚಾಸಿಗೆ ಏನು ಹಚ್ತಾರೆ, ಎಷ್ಟು ಮಳೆಗಾಲ ತಡೆದಿದೆ? ಕರಾವಳಿಯ ಉಪ್ಪು ಗಾಳಿಯಲ್ಲಿ ಗಾಡಿ ಇಟ್ಟುಕೊಂಡಿರೋರು ಮುಖ್ಯವಾಗಿ ಬರೀರಿ, ನಿಮ್ಮ ಕಷ್ಟ ನಮಗಿಂತ ದೊಡ್ಡದು.