ಕಾರಣ ಹುಡುಕುವ ಮೊದಲು ಗಳಿಗೆ ದಾಟಿಸಬೇಕು

ದಾವಣಗೆರೆ, ಹರಿಹರದ ಕಡೆ ಆತ್ಮಹತ್ಯೆಯ ಸುದ್ದಿ ಬಂದಾಗ ಎಲ್ಲರೂ ಕೇಳುವುದು ಒಂದೇ: ಯಾಕೆ? ಉತ್ತರವೂ ಸಿದ್ಧವಾಗಿರುತ್ತದೆ: ಸಾಲಬಾಧೆ, ಕೌಟುಂಬಿಕ ಕಲಹ, ತಾಳಲಾಗದ ಹೊಟ್ಟೆನೋವು. ಆದರೆ ಸಾಲ ಭದ್ರಾ ನಾಲೆಯ ಕೊನೆಭಾಗದ ಎಷ್ಟೋ ರೈತರ ತಲೆಯ ಮೇಲಿದೆ. ದಾವಣಗೆರೆಯ ಹತ್ತಿ ಗಿರಣಿಗಳು, ಹರಿಹರದ ಕಿರ್ಲೋಸ್ಕರ್ ಕಾರ್ಖಾನೆ ಬಾಗಿಲು ಹಾಕಿದಾಗ ಕೆಲಸ ಕಳೆದುಕೊಂಡವರಲ್ಲಿ ಬಹುಪಾಲು ಜನ ಹೇಗೋ ಬದುಕು ನೂಕಿದರು. ಕಾರಣದಿಂದ ಸಂಕಟ ಅರ್ಥವಾದೀತು, ಸಾವು ಅರ್ಥವಾಗದು. ಇವೆರಡರ ನಡುವೆ, ಸಾಯುವ ಮನಸ್ಸೂ ಬದುಕುವ ಆಸೆಯೂ ಒಟ್ಟಿಗೇ ಜಗ್ಗಾಡುವ ಕೆಟ್ಟ ಗಳಿಗೆಯೊಂದಿದೆ. ಹಲವರಲ್ಲಿ ಅದರ ಆವೇಗ ಸ್ವಲ್ಪ ಹೊತ್ತಿನಲ್ಲೇ ಇಳಿಯುತ್ತದೆ. ತಡೆಯುವ ಕೆಲಸ ಮೊದಲು ಹಿಡಿಯಬೇಕಾದದ್ದು ಆ ಗಳಿಗೆಯನ್ನು.

ಸಾಯಲು ಹೊರಟವರನ್ನು ಯಾರು ತಡೆದಾರು, ಒಂದು ದಾರಿ ಮುಚ್ಚಿದರೆ ಇನ್ನೊಂದು ಹುಡುಕುತ್ತಾರೆ ಎನ್ನುವವರು ಶ್ರೀಲಂಕಾವನ್ನು ನೋಡಬೇಕು. 1995ರ ಸುಮಾರಿಗೆ ಅಲ್ಲಿ ಲಕ್ಷಕ್ಕೆ 47ರಷ್ಟಿದ್ದ ಆತ್ಮಹತ್ಯೆಯ ಪ್ರಮಾಣ, ಅತಿ ವಿಷಕಾರಿ ಕೀಟನಾಶಕಗಳನ್ನು ಹಂತಹಂತವಾಗಿ ನಿಷೇಧಿಸಿದ ಮೇಲೆ ಎರಡು ದಶಕಗಳಲ್ಲಿ ಸುಮಾರು ಶೇ 70ರಷ್ಟು ಇಳಿಯಿತು. ಬಡತನ ತೀರಿರಲಿಲ್ಲ, ಅಂತರ್ಯುದ್ಧ 2009ರವರೆಗೂ ನಡೆದೇ ಇತ್ತು. ಭತ್ತದ ಇಳುವರಿಯೂ ಆ ನಿಷೇಧದಿಂದ ಕುಸಿಯಲಿಲ್ಲ. ಭತ್ತವನ್ನೇ ನಂಬಿದ ಹರಿಹರ ತಾಲ್ಲೂಕಿಗೆ ಈ ಮಾತು ಮುಖ್ಯ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಹೀಗೆ ಮನಸ್ಸು, ಗಳಿಗೆ ಎನ್ನುತ್ತ ಹೋದರೆ ಬೆಳೆಯ ಬೆಲೆ, ಬಡ್ಡಿಯ ಪ್ರಶ್ನೆಗಳಿಂದ ಸರ್ಕಾರ ನುಣುಚಿಕೊಳ್ಳುವುದಿಲ್ಲವೇ? ನುಣುಚಿಕೊಳ್ಳಬಹುದು. ರೈತರ ಆತ್ಮಹತ್ಯೆ ಕುರಿತ 2002ರ ವೀರೇಶ್ ಸಮಿತಿ ಕುಡಿತ, ಮನೆಯ ಜಗಳಗಳತ್ತ ಬೆರಳು ತೋರಿದಾಗ ರೈತಪರರು ಸಿಟ್ಟಾದದ್ದು ನ್ಯಾಯವೇ. ಆದರೆ ಬೆಲೆ ನೀತಿ ಬದಲಾಗಲು ವರ್ಷಗಳು ಬೇಕು. ಇಂದು ರಾತ್ರಿಯ ಸಂಕಟ ಅಷ್ಟು ದಿನ ಕಾಯದು. ಎರಡನ್ನೂ ಕೇಳುವ ಹಕ್ಕು ನಮಗಿದೆ.

ಒಮ್ಮೆ ಯತ್ನಿಸಿ ಬದುಕುಳಿದವರ ಬಗ್ಗೆಯಂತೂ ನಮ್ಮ ಉದಾಸೀನ ಅಕ್ಷಮ್ಯ. ವಿಶ್ವ ಆರೋಗ್ಯ ಸಂಸ್ಥೆ ಚೆನ್ನೈ ಸೇರಿ ಐದು ಕಡೆ ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಸ್ಪತ್ರೆಯಲ್ಲಿ ಒಂದಿಷ್ಟು ಮಾತು, ಆಮೇಲೆ ಹದಿನೆಂಟು ತಿಂಗಳು ಆಗಾಗ ಫೋನು ಅಥವಾ ಭೇಟಿ ದೊರೆತವರ ಗುಂಪಿನಲ್ಲಿ ಆತ್ಮಹತ್ಯೆಯಿಂದ ಸತ್ತವರು 2, ಎಂದಿನ ಚಿಕಿತ್ಸೆಯಷ್ಟೇ ಸಿಕ್ಕ ಗುಂಪಿನಲ್ಲಿ 18. ಪೊಲೀಸ್ ಕೇಸಿನ ಭಯವೂ ಈಗ ಬೇಡ: 2017ರ ಮಾನಸಿಕ ಆರೋಗ್ಯ ಕಾಯ್ದೆ ಯತ್ನಿಸಿದವರಿಗೆ ಶಿಕ್ಷೆಯ ಬದಲು ಆರೈಕೆ ಎಂದಿತು, 2024ರಲ್ಲಿ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಯತ್ನವನ್ನೇ ಅಪರಾಧವೆನ್ನುತ್ತಿದ್ದ ಹಳೆಯ ದಂಡಸಂಹಿತೆಯ 309ನೇ ಕಲಮೇ ಇಲ್ಲ. ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯಿಂದ ಅಂಥವರು ಮನೆಗೆ ಹೊರಡುವಾಗ ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಗಳ ಜೊತೆ ಮುಂದಿನ ಫೋನಿನ ದಿನಾಂಕ, ಫೋನು ಮಾಡುವವರ ಹೆಸರು, ಹಗಲಿರುಳೂ ಕನ್ನಡದಲ್ಲಿ ಮಾತಿಗೆ ಸಿಗುವ ಟೆಲಿ ಮನಸ್ ಸಹಾಯವಾಣಿಯ ಸಂಖ್ಯೆ 14416 ಇರಲಿ. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ, ಫೋನು ಮಾಡುವ ಕೆಲಸಕ್ಕೊಬ್ಬ ನರ್ಸ್ ಸಾಕು.