ಒಂದು ಜೀವ, ಮೂರು ಚೀಟಿ

ನಮ್ಮ ಪಾವಗಡದ ಕಡೆ ಅರವತ್ತು ದಾಟಿದವರ ಕ್ಷೇಮಸಮಾಚಾರ ಕೇಳಿದರೆ ಒಂದೇ ಕಾಯಿಲೆಯ ಹೆಸರು ಹೇಳಿ ಸುಮ್ಮನಾಗುವವರು ಅಪರೂಪ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿನೋವು, ಮೂರೂ ಒಂದೇ ದೇಹದಲ್ಲಿ ಸಂಸಾರ ಹೂಡಿರುತ್ತವೆ. ಆದರೆ ಚಿಕಿತ್ಸೆಯ ವಿಷಯ ಬಂದಾಗ ಆ ಒಬ್ಬ ಮನುಷ್ಯನನ್ನು ನಾವು ಮೂವರೆಂದು ಎಣಿಸುತ್ತಿದ್ದೇವೆ. ಇದೇ ನನ್ನ ಆಕ್ಷೇಪಣೆ.

ನನ್ನ ಅಜ್ಜಿಯ ಮಾತನ್ನೇ ಹೇಳುತ್ತೇನೆ. ಸ್ವಂತ ಮನೆಯ ಸಂಗತಿಯೆಂದು ವಾಚಕರು ಮನ್ನಿಸಬೇಕು. ಸಕ್ಕರೆಗೂ ಒತ್ತಡಕ್ಕೂ ಆಕೆ ಒಂದು ಕಡೆ ಮಾತ್ರೆ ತರುತ್ತಾಳೆ, ಮಂಡಿಗೆ ಇನ್ನೊಂದು ಕಡೆ, ಕಣ್ಣಿಗೆ ಮತ್ತೊಂದು ಕಡೆ. ಮನೆಯಲ್ಲಿ ಓದುಬಲ್ಲವನು ನಾನೊಬ್ಬನೇ ಆದುದರಿಂದ ಚೀಟಿಗಳೆಲ್ಲ ನನ್ನ ಕೈಗೇ ಬರುತ್ತವೆ. ಇತಿಹಾಸ ಓದುವವನಿಗೆ ಔಷಧದ ಹೆಸರು ಏನು ತಿಳಿದೀತು? ಆದರೂ ಆ ಮೂರು ಚೀಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದವನು ಬಹುಕಾಲ ನಾನೊಬ್ಬನೇ.

ಕಳೆದ ವರ್ಷ ಅಜ್ಜಿಯ ಕಾಲು ಊದಿಕೊಂಡವು. ಒತ್ತಡ ಇಳಿಯಲಿಲ್ಲವೆಂದು ಎರಡು ಸಲ ಮಾತ್ರೆ ಹೆಚ್ಚಿಸಿದರು. ಕೊನೆಗೆ ಹೊಸದಾಗಿ ಬಂದ ವೈದ್ಯೆಯೊಬ್ಬರು, "ಬೇರೆ ಮಾತ್ರೆ ಏನಾದರೂ ನುಂಗುತ್ತೀರಾ ಅಜ್ಜಿ?" ಎಂದು ಕೇಳಿದರು. "ಮಾತ್ರೆ ಏನಿಲ್ಲಮ್ಮ, ಇದು ಬರೀ ನೋವಿಂದು" ಎಂದು ಆಕೆ ಸೆರಗಿನ ಗಂಟು ಬಿಚ್ಚಿದಳು. ಅಂಗಡಿಯಿಂದ ತಂದು ದಿನಕ್ಕೆರಡು ನುಂಗುತ್ತಿದ್ದ ನೋವಿನ ಗುಳಿಗೆ! ಅಂತಹ ಗುಳಿಗೆ ಮೈಯಲ್ಲಿ ಉಪ್ಪುನೀರನ್ನು ತಡೆದು ಒತ್ತಡವನ್ನು ಏರಿಸುತ್ತದೆ. ಸಕ್ಕರೆ ಕಾಯಿಲೆಯಿಂದ ಮೊದಲೇ ಬಳಲುವ ಮೂತ್ರಪಿಂಡಕ್ಕೂ ಪೆಟ್ಟು ಕೊಡುತ್ತದೆ. ಒಂದು ಕಾಯಿಲೆಯ ಮದ್ದು ಇನ್ನೊಂದಕ್ಕೆ ಮೇವಾಗಿತ್ತು.

ಇದರ ಮೇಲೆ ನಮ್ಮ ನೀರು ಬೇರೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರಿಲ್ಲದ ಕಡೆ ಹೆಚ್ಚೆಂದರೆ 1.5 ಇರಬಹುದೆಂದು ಭಾರತೀಯ ಮಾನಕ ಹೇಳುತ್ತದೆ. ನಮ್ಮ ತಾಲ್ಲೂಕಿನ ಎಷ್ಟೋ ಕೊಳವೆಬಾವಿಗಳು ಆ ಮೇರೆಯನ್ನು ಮೀರಿವೆ. ದೇಹ ಸೇರಿದ ಫ್ಲೋರೈಡನ್ನು ಹೊರಹಾಕುವುದು ಮೂತ್ರಪಿಂಡವೇ. ಅದು ಸೋತರೆ ಉಳಿದದ್ದು ಮೂಳೆಗೆ ಇಳಿಯುತ್ತದೆ, ಕೀಲು ಬಿಗಿಯುತ್ತದೆ, ಮತ್ತೆ ನೋವಿನ ಗುಳಿಗೆ.

ಹಳ್ಳಿಯವರು ಅಸಡ್ಡೆಯವರು, ಮಾತ್ರೆ ತಪ್ಪಿಸುತ್ತಾರೆ ಎಂಬ ದೂರು ಉಂಟು. ತಪ್ಪಿಸುವುದು ನಿಜ. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಯಿತು, ದೊಡ್ಡ ಉಪಕಾರವೇ ಸರಿ. ಆದರೆ ಟಿಕೇಟಿಗೆ ಕಾಸಿಲ್ಲವೆಂದಮಾತ್ರಕ್ಕೆ ದಿನದ ಕೂಲಿ ಯಾರೂ ಕೊಡುವುದಿಲ್ಲ. ಕಡಲೆಕಾಯಿ ಕೀಳುವ ಕಾಲದಲ್ಲಿ ಮೂರು ಕಡೆಗೆ ಮೂರು ದಿನ ಯಾರು ಕಳೆದಾರು? ಮಾತ್ರೆ ಮುಗಿದರೆ ಪಕ್ಕದ ಮನೆಯಿಂದ ಹಿಟ್ಟು ಎರವಲು ತಂದಂತೆ ತರುತ್ತಾರೆ. "ನಿನಗೂ ಬೀಪಿ, ನನಗೂ ಬೀಪಿ" ಎಂದು ನೆರೆಯಾಕೆ ಕೊಟ್ಟೂ ಬಿಡುತ್ತಾಳೆ. ಆ ಪ್ರೀತಿಗೆ ನಾನು ತಲೆಬಾಗುತ್ತೇನೆ. ಆ ಮಾತ್ರೆಗೆ ಹೆದರುತ್ತೇನೆ.

ತಮಿಳುನಾಡು 2021ರಲ್ಲಿ ಕೃಷ್ಣಗಿರಿ ಜಿಲ್ಲೆಯಿಂದ ಆರಂಭಿಸಿ ಇಂತಹವರ ಮನೆಬಾಗಿಲಿಗೇ ಔಷಧ ಮುಟ್ಟಿಸತೊಡಗಿತು. ನಮ್ಮಲ್ಲಿಯೂ 2024ರಲ್ಲಿ ಕೋಲಾರದಲ್ಲಿ 'ಗೃಹ ಆರೋಗ್ಯ' ಮೊದಲಾಯಿತು. ಸ್ವಾಗತಾರ್ಹವೇ. ಆದರೆ ಮನೆಗೆ ಬಂದವರು ತಮ್ಮ ಮಾತ್ರೆಯನ್ನು ಕೊಟ್ಟು ಹೋದರೆ ಸಾಲದು, ಸೆರಗಿನ ಗಂಟನ್ನೂ ಬಿಚ್ಚಿಸಿ ನೋಡಬೇಕು. ರೋಗಿಗೆ ಒಂದೇ ಪುಸ್ತಕ, ತಿಂಗಳಿಗೆ ಒಂದೇ ದಿನ, ಎಲ್ಲವನ್ನೂ ಕೂಡಿಸಿ ನೋಡುವ ಒಬ್ಬರು ವೈದ್ಯರು ಇರಬೇಕು. ಸಿಬ್ಬಂದಿ ಎಲ್ಲಿದೆ ಎಂದು ನಮ್ಮ ಅಧ್ಯಾಪಕರು ಕೇಳಿಯಾರು. ಪುಸ್ತಕಕ್ಕೆ ಸಿಬ್ಬಂದಿ ಬೇಕಿಲ್ಲವಲ್ಲ!

ನನ್ನ ಹಳೆಯ ನೋಟುಪುಸ್ತಕಗಳ ಖಾಲಿ ಹಾಳೆ ಹೊಲಿದು ಅಜ್ಜಿಗೆ ಅಂತಹದೊಂದನ್ನು ಮಾಡಿಕೊಟ್ಟಿದ್ದೇನೆ. ಎರಡು ಕಡೆ ಅದರಲ್ಲಿ ಬರೆದುಕೊಟ್ಟರು. ಮೂರನೆಯ ಕಡೆ ಅದನ್ನು ಬದಿಗೆ ಸರಿಸಿ ಹೊಸ ಚೀಟಿಯಲ್ಲೇ ಬರೆದರು. ಮುಂದಿನ ತಿಂಗಳು ಮತ್ತೆ ಒಯ್ಯುತ್ತೇವೆ.